ನಾಯಿಗಳಿಗೆ ಮನುಷ್ಯರ ಅಲರ್ಜಿ ಔಷಧಗಳ ಬಳಕೆ

ನಾಯಿಗಳಿಗೆ ಮನುಷ್ಯರ ಅಲರ್ಜಿ ಔಷಧಗಳ ಬಳಕೆ ಎಂದರೆ, ಮನುಷ್ಯರಿಗೆಂದು ತಯಾರಾದ ಹಿಸ್ಟಮಿನ್ ನಿರೋಧಕ ಔಷಧಗಳನ್ನು ನಾಯಿಗಳ ತುರಿಕೆ, ದದ್ದು ಮತ್ತು ಕೀಟದ ಕಡಿತದಿಂದುಂಟಾಗುವ ಬಾವುಗಳ ಶಮನಕ್ಕಾಗಿ ಕೊಡುವ ಪದ್ಧತಿ. ಸೆಟಿರಿಜಿನ್, ಕ್ಲೋರ್‌ಫೆನಿರಮಿನ್, ಫೆನಿರಮಿನ್, ಹೈಡ್ರಾಕ್ಸಿಜಿನ್ ಮತ್ತು ಡೈಫೆನ್‌ಹೈಡ್ರಮಿನ್‌ಗಳು ಈ ಗುಂಪಿನ ಪರಿಚಿತ ಔಷಧಗಳು. ಪಶುವೈದ್ಯರೂ ಇವನ್ನು ಬರೆದುಕೊಡುವುದುಂಟು. ಸರಿಯಾದ ಪ್ರಮಾಣದಲ್ಲಿ ಒಂಟಿಯಾಗಿ ಕೊಟ್ಟಾಗ ಇವು ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ಹಾನಿಕರವಲ್ಲ. ಅಪಾಯವು ಬಹುಮಟ್ಟಿಗೆ ಅದೇ ಗುಳಿಗೆಯಲ್ಲಿ ಬೆರೆತಿರುವ ಬೇರೆ ಔಷಧಗಳಿಂದ ಬರುತ್ತದೆ. ಇಲ್ಲವೇ ಅಲರ್ಜಿಯೇ ಅಲ್ಲದ ತೊಂದರೆಗೆ, ಮುಖ್ಯವಾಗಿ ಹಾವಿನ ಕಡಿತಕ್ಕೆ, ಅಲರ್ಜಿಯ ಗುಳಿಗೆ ಕೊಟ್ಟು ಹೊತ್ತು ಕಳೆಯುವುದರಿಂದ ಬರುತ್ತದೆ.

ಔಷಧದಂಗಡಿ ಊರಿನಲ್ಲೇ ಇದ್ದು ಪಶುವೈದ್ಯರು ದೂರವಿರುವ ಕಡೆಗಳಲ್ಲಿ ಈ ಪದ್ಧತಿಯ ಮಹತ್ವ ಹೆಚ್ಚು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಇಂತಹ ಪ್ರದೇಶಗಳಾಗಿದ್ದು, ಈ ಲೇಖನದ ಸ್ಥಳೀಯ ಉದಾಹರಣೆಗಳನ್ನು ಅಲ್ಲಿಂದಲೇ ಆಯ್ದುಕೊಳ್ಳಲಾಗಿದೆ.

ಹಿನ್ನೆಲೆ

ಅಲರ್ಜಿಯ ವಿಜ್ಞಾನಕ್ಕೂ ನಾಯಿಗೂ ಇರುವ ನಂಟು ಹಳೆಯದು. 1901–02ರಲ್ಲಿ ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಕಡಲ ಜೀವಿಗಳ ವಿಷವನ್ನು ನಾಯಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ಅವುಗಳಲ್ಲಿ ರೋಗನಿರೋಧ ಶಕ್ತಿ ಬೆಳೆಯುವುದೇ ಎಂದು ಪರೀಕ್ಷಿಸುತ್ತಿದ್ದರು. ಮೊದಲ ಚುಚ್ಚುಮದ್ದನ್ನು ತಡೆದುಕೊಂಡಿದ್ದ ನಾಯಿ ಕೆಲವು ವಾರಗಳ ನಂತರ ಅದೇ ವಿಷದ ಅಲ್ಪಾಂಶಕ್ಕೆ ನಿಮಿಷಗಳಲ್ಲಿ ಕುಸಿದು ಸತ್ತಿತು. ರಕ್ಷಣೆಗೆ ಬದಲಾಗಿ ಕಂಡುಬಂದ ಈ ವಿಪರೀತ ಪ್ರತಿಕ್ರಿಯೆಗೆ ರಿಷೆ ‘ಅನಫಿಲ್ಯಾಕ್ಸಿಸ್’ ಎಂದು ಹೆಸರಿಟ್ಟರು. ಇದಕ್ಕಾಗಿ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಆಸ್ಟ್ರಿಯಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಟಂಕಿಸಿದರು.

ದೇಹದಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ಎಂಬ ರಾಸಾಯನಿಕವು ಈ ಪ್ರತಿಕ್ರಿಯೆಗಳಲ್ಲಿ ಪ್ರಮುಖ ಪಾತ್ರ ವಹಿಸುತ್ತದೆಂಬುದು ನಂತರದ ದಶಕಗಳಲ್ಲಿ ಸ್ಪಷ್ಟವಾಯಿತು. 1937ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಡಾನಿಯೆಲ್ ಬೊವೆ ಮತ್ತು ಆನ್-ಮರಿ ಸ್ಟೌಬ್ ಹಿಸ್ಟಮಿನ್ನನ್ನು ತಡೆಯುವ ಮೊದಲ ಸಂಯುಕ್ತಗಳನ್ನು ವಿವರಿಸಿದರು. ಬೊವೆಯವರಿಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. 1940ರ ದಶಕದಲ್ಲಿ ಡೈಫೆನ್‌ಹೈಡ್ರಮಿನ್ ಮೊದಲಾದವು ಮಾರುಕಟ್ಟೆಗೆ ಬಂದವು. ತೂಕಡಿಕೆ ತರುವ ಇವನ್ನು ಮೊದಲ ತಲೆಮಾರಿನ ಔಷಧಗಳೆಂದೂ, ಮಿದುಳನ್ನು ಅಷ್ಟಾಗಿ ಪ್ರವೇಶಿಸದ ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್‌ಗಳನ್ನು ಎರಡನೆಯ ತಲೆಮಾರಿನವೆಂದೂ ಕರೆಯುವುದು ವಾಡಿಕೆ.

ನಾಯಿಯ ಅಲರ್ಜಿಯ ಸ್ವರೂಪ

ಮನುಷ್ಯನಿಗೆ ಧೂಳು, ಪರಾಗಗಳ ಅಲರ್ಜಿಯಾದರೆ ಸೀನು ಬರುತ್ತದೆ, ಮೂಗು ಸುರಿಯುತ್ತದೆ. ನಾಯಿಯಲ್ಲಿ ಅದೇ ಅಲರ್ಜಿ ಬಹುಪಾಲು ಚರ್ಮದ ಮೂಲಕ ಪ್ರಕಟವಾಗುತ್ತದೆ. ಅದು ಪಾದಗಳನ್ನು ನೆಕ್ಕುತ್ತದೆ, ಮೂತಿಯನ್ನು ನೆಲಕ್ಕೆ ಉಜ್ಜುತ್ತದೆ, ಕಂಕುಳು ಮತ್ತು ಹೊಟ್ಟೆಯ ಭಾಗವನ್ನು ಕೆರೆಯುತ್ತದೆ. ಕಿವಿಯಲ್ಲಿ ಮೇಲಿಂದ ಮೇಲೆ ಸೋಂಕು ಕಾಣಿಸಿಕೊಳ್ಳುತ್ತದೆ. ಈ ದೀರ್ಘಕಾಲದ ಸ್ಥಿತಿಗೆ ಅಟೋಪಿಕ್ ಚರ್ಮದುರಿತ ಎಂದು ಹೆಸರು. ಬೆನ್ನಿನ ಕೆಳಭಾಗ ಮತ್ತು ಬಾಲದ ಬುಡದಲ್ಲಿ ಕೂದಲು ಉದುರಿ ಕೆಂಪಾಗಿದ್ದರೆ ಅದು ಚಿಗಟದ ಜೊಲ್ಲಿನ ಅಲರ್ಜಿಯಾಗಿರುವ ಸಂಭವವೇ ಹೆಚ್ಚು. ಆಹಾರದ ಅಲರ್ಜಿಯೂ ಉಂಟು, ಆದರೆ ಜನರು ಭಾವಿಸುವಷ್ಟು ಸಾಮಾನ್ಯವಲ್ಲ.

ಹಿಸ್ಟಮಿನ್ ನಿರೋಧಕಗಳು ನಾಯಿಯ ತುರಿಕೆಯಲ್ಲಿ ಮನುಷ್ಯರಲ್ಲಿರುವಷ್ಟು ಪರಿಣಾಮಕಾರಿಯಲ್ಲ. ಅಟೋಪಿಕ್ ಚರ್ಮದುರಿತದ ತುರಿಕೆಗೆ ಹಿಸ್ಟಮಿನ್ ಒಂದೇ ಕಾರಣವಲ್ಲ. ಇಂಟರ್‌ಲ್ಯೂಕಿನ್-31 ಎಂಬ ಪ್ರೋಟೀನು ಅದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಈ ತಿಳಿವಳಿಕೆಯ ಆಧಾರದ ಮೇಲೆಯೇ ಓಕ್ಲಸಿಟಿನಿಬ್ ಮತ್ತು ಲೊಕಿವೆಟ್‌ಮ್ಯಾಬ್ ಎಂಬ, ನಾಯಿಗಳಿಗೆಂದೇ ತಯಾರಾದ ಔಷಧಗಳು 2010ರ ದಶಕದಲ್ಲಿ ಬಳಕೆಗೆ ಬಂದವು. ಪ್ರಾಣಿಗಳ ಅಲರ್ಜಿ ರೋಗಗಳ ಅಂತರರಾಷ್ಟ್ರೀಯ ಸಮಿತಿಯು 2015ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಹಿಸ್ಟಮಿನ್ ನಿರೋಧಕಗಳ ಪ್ರಯೋಜನವನ್ನು ಸೀಮಿತವೆಂದೇ ಪರಿಗಣಿಸುತ್ತದೆ. ತುರಿಕೆ ಉಲ್ಬಣಿಸಿದ ಮೇಲೆ ಕೊಡುವುದಕ್ಕಿಂತ ಮೊದಲೇ, ಕ್ರಮವಾಗಿ ಕೊಟ್ಟಾಗ ಅವು ಸ್ವಲ್ಪ ಹೆಚ್ಚು ಉಪಕರಿಸುತ್ತವೆ. ಒಂದೆರಡು ವಾರ ನೋಡದೆ ಫಲ ತಿಳಿಯುವುದಿಲ್ಲ. ಒಂದು ಗುಳಿಗೆಗೆ ತುರಿಕೆ ನಿಲ್ಲಲಿಲ್ಲವೆಂದು ಎರಡು, ಮೂರು ಎಂದು ಏರಿಸುತ್ತಾ ಹೋಗುವುದರಿಂದ ನಾಯಿ ಮಂಕಾಗುತ್ತದೆಯೇ ಹೊರತು ತುರಿಕೆ ಕಡಿಮೆಯಾಗುವುದಿಲ್ಲ.

ಜೇನು ಅಥವಾ ಕಣಜ ಕಡಿದಾಗ ಬರುವ ದಿಢೀರ್ ಬಾವು ಮತ್ತು ದದ್ದುಗಳ ವಿಷಯ ಬೇರೆ. ಅಲ್ಲಿ ಹಿಸ್ಟಮಿನ್ನಿನ ಪಾಲು ದೊಡ್ಡದು. ಔಷಧದ ಉಪಯೋಗವೂ ಅಲ್ಲಿ ಹೆಚ್ಚು. ಆದರೆ ಅನಫಿಲ್ಯಾಕ್ಸಿಸ್ ಹಂತಕ್ಕೆ ಹೋದರೆ ಗುಳಿಗೆಯಿಂದ ಪ್ರಯೋಜನವಿಲ್ಲ. ಮನುಷ್ಯರಲ್ಲಿ ಉಸಿರಾಟದ ಅಂಗಗಳು ಮೊದಲು ತೊಂದರೆಗೊಳಗಾದರೆ, ನಾಯಿಯಲ್ಲಿ ಯಕೃತ್ತು ಮತ್ತು ಕರುಳು ಮೊದಲು ಹಾನಿಗೊಳ್ಳುತ್ತವೆ. ಆದುದರಿಂದ ಕಡಿತವಾದ ಸ್ವಲ್ಪ ಹೊತ್ತಿನಲ್ಲೇ ವಾಂತಿ, ನೀರಾದ ಇಲ್ಲವೇ ರಕ್ತಮಿಶ್ರಿತ ಭೇದಿ, ಬಿಳಿಚಿದ ವಸಡು, ನಿಲ್ಲಲಾರದ ನಿತ್ರಾಣ ಕಂಡುಬಂದರೆ ಅದನ್ನು ‘ಏನನ್ನೋ ತಿಂದಿರಬೇಕು’ ಎಂದು ಉಪೇಕ್ಷಿಸಬಾರದು. ಅಲ್ಲಿ ಜೀವ ಉಳಿಸುವುದು ಪಶುವೈದ್ಯರು ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಮತ್ತು ರಕ್ತನಾಳದ ಮೂಲಕ ಕೊಡುವ ದ್ರವ.

ಬಯಲುಸೀಮೆಯ ಪರಿಸರ

2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಮಳೆ ಕಡಿಮೆಯ, ಕುರುಚಲು ಕಾಡಿನ ಸೀಮೆ. ಪಶ್ಚಿಮದಲ್ಲಿ ಹಡಗಲಿ ಮತ್ತು ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಪೂರ್ವದ ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆಯ ಕರಡಿಧಾಮವಿದೆ. ಜೋಳ, ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಗಳ ಜೊತೆಗೆ ಕುರಿ ಸಾಕಣೆ ಇಲ್ಲಿನ ಮುಖ್ಯ ಜೀವನಾಧಾರ. ನಾಯಿಯಿಲ್ಲದ ಕುರಿಹಟ್ಟಿ ಇಲ್ಲಿ ಅಪರೂಪ. ತೋಳ ಮತ್ತು ಚಿರತೆಗಳಿಂದ ಹಿಂಡನ್ನು ಕಾಯುವ ಈ ನಾಯಿಗಳು ವರ್ಷದ ಬಹುಭಾಗವನ್ನು ಕುರಿಗಾಹಿಗಳೊಡನೆ ಹೊಲ, ಬೀಳುಗಳಲ್ಲೇ ಕಳೆಯುತ್ತವೆ. ನಾಯಿಗೆ ಈ ಸೀಮೆಯ ಭಕ್ತಿಯಲ್ಲಿಯೂ ಸ್ಥಾನವುಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮೈಲಾರಲಿಂಗನ ಗೊರವರು ತಾವು ದೇವರ ನಾಯಿಗಳೆಂಬ ಭಾವದಿಂದ ಬೊಗಳುತ್ತಾ ದೋಣಿಯ ಪ್ರಸಾದವನ್ನು ಸ್ವೀಕರಿಸುವ ಸಂಪ್ರದಾಯ ಪ್ರಸಿದ್ಧವಾಗಿದೆ.

ಅಲರ್ಜಿಕಾರಕಗಳಿಗೆ ಇಲ್ಲಿ ಕೊರತೆಯಿಲ್ಲ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಮಳೆ ಬಿದ್ದ ಕೂಡಲೇ ರಸ್ತೆಬದಿ ಮತ್ತು ಬೀಳುಗಳನ್ನು ಆವರಿಸುತ್ತದೆ. ಮನುಷ್ಯರಲ್ಲೂ ಜಾನುವಾರುಗಳಲ್ಲೂ ಚರ್ಮದುರಿತ ಉಂಟುಮಾಡುವ ಸಸ್ಯವಿದು. ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಪರಾಗವೂ ಮನುಷ್ಯರಲ್ಲಿ ಅಲರ್ಜಿಕಾರಕವೆಂದು ಗುರುತಿಸಲ್ಪಟ್ಟಿದೆ. ಇವುಗಳಲ್ಲದೆ ಒಕ್ಕಣೆಯ ಧೂಳು, ಮನೆಯೊಳಗಿನ ಧೂಳಿನ ನುಸಿ, ಕುರಿಹಟ್ಟಿಯ ಚಿಗಟ ಮತ್ತು ಉಣ್ಣೆಗಳು ಇದ್ದೇ ಇವೆ. ಪ್ರಾಯೋಗಿಕವಾಗಿ ನೋಡಿದರೆ, ಹಟ್ಟಿಯ ನಾಯಿಯ ತುರಿಕೆಗೆ ಪರಾಗಕ್ಕಿಂತ ಮೊದಲು ಚಿಗಟವನ್ನೇ ಶಂಕಿಸಬೇಕು. ಚಿಗಟವನ್ನು ನಿವಾರಿಸದೆ ಅಲರ್ಜಿಯ ಗುಳಿಗೆ ಕೊಡುವುದು ತೂತು ಮುಚ್ಚದೆ ಕೊಡಕ್ಕೆ ನೀರು ತುಂಬಿದಂತೆ.

ಬಳಕೆಯಲ್ಲಿರುವ ಔಷಧಗಳು

ಪ್ರಮಾಣವನ್ನು ನಿರ್ಧರಿಸುವುದು ನಾಯಿಯ ತೂಕ. ಮನೆಗಳಲ್ಲಿ ಸಾಕುವ ಪೊಮೆರೇನಿಯನ್ ಬಗೆಯ ಪುಟ್ಟ ನಾಯಿ 3–5 ಕಿ.ಗ್ರಾಂ ಇರಬಹುದು, ಊರನಾಯಿ 15–20 ಕಿ.ಗ್ರಾಂ, ಮುಧೋಳ ನಾಯಿ ಅದಕ್ಕಿಂತ ಹೆಚ್ಚು. ಕಣ್ಣಂದಾಜು ನಂಬಲರ್ಹವಲ್ಲ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಳಿಕ ಒಬ್ಬರೇ ನಿಂತು, ವ್ಯತ್ಯಾಸವನ್ನು ಕಳೆಯುವುದು ಸುಲಭ ಉಪಾಯ. ಗೊಬ್ಬರದಂಗಡಿ ಅಥವಾ ನ್ಯಾಯಬೆಲೆ ಅಂಗಡಿಯ ತಕ್ಕಡಿಯೂ ಆಗಬಹುದು.

ಸೆಟಿರಿಜಿನ್ ಈ ಗುಂಪಿನಲ್ಲಿ ಸುಲಭವಾಗಿ ಸಿಗುವ, ತೂಕಡಿಕೆ ಕಡಿಮೆ ತರುವ ಔಷಧ. ಪಶುವೈದ್ಯಕೀಯದಲ್ಲಿ ಸಾಮಾನ್ಯವಾಗಿ ಪ್ರತಿ ಕಿ.ಗ್ರಾಂ ತೂಕಕ್ಕೆ 1 ಮಿ.ಗ್ರಾಂನಂತೆ ದಿನಕ್ಕೊಮ್ಮೆ ಕೊಡಲಾಗುತ್ತದೆ. ದೊಡ್ಡ ನಾಯಿಗೂ ಒಂದು ಸಲಕ್ಕೆ 20 ಮಿ.ಗ್ರಾಂ ಮೀರಿಸುವುದಿಲ್ಲ. 10 ಮಿ.ಗ್ರಾಂನ ಒಂದು ಗುಳಿಗೆ 10 ಕಿ.ಗ್ರಾಂ ನಾಯಿಗೆ ಸರಿಹೊಂದುತ್ತದೆ, 5 ಕಿ.ಗ್ರಾಂ ನಾಯಿಗೆ ಅರ್ಧ ಸಾಕು. ನಮ್ಮ ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗುವ ಲೀವೋಸೆಟಿರಿಜಿನ್ ಇದೇ ಔಷಧದ ಸಕ್ರಿಯ ಭಾಗ. ಮನುಷ್ಯರಲ್ಲಿ ಅದರ 5 ಮಿ.ಗ್ರಾಂ ಸೆಟಿರಿಜಿನ್ನಿನ 10 ಮಿ.ಗ್ರಾಂಗೆ ಸಮ. ಹೆಸರು ಒಂದೇ ಎಂದು ಭಾವಿಸಿ ಗುಳಿಗೆಗೆ ಗುಳಿಗೆ ಬದಲಾಯಿಸುವವರು ಇದನ್ನು ನೆನಪಿಡಬೇಕು. ನಾಯಿಯಲ್ಲಿ ಇದರ ಬಳಕೆಯ ಅನುಭವ ಸೆಟಿರಿಜಿನ್ನಿನಷ್ಟು ವಿಸ್ತಾರವಾದುದಲ್ಲ.

ಹೈಡ್ರಾಕ್ಸಿಜಿನ್ ನಾಯಿಯ ದೇಹದಲ್ಲಿ ಬಹುಮಟ್ಟಿಗೆ ಸೆಟಿರಿಜಿನ್ನಾಗಿಯೇ ಪರಿವರ್ತನೆಯಾಗಿ ಕೆಲಸ ಮಾಡುತ್ತದೆ. ಪ್ರತಿ ಕಿ.ಗ್ರಾಂಗೆ 2 ಮಿ.ಗ್ರಾಂನಂತೆ 12 ಗಂಟೆಗೊಮ್ಮೆ ಇದರ ಪ್ರಮಾಣ. ಕ್ಲೋರ್‌ಫೆನಿರಮಿನ್ನಿನ ವಾಡಿಕೆಯ ಪ್ರಮಾಣ ಪ್ರತಿ ಕಿ.ಗ್ರಾಂಗೆ ಸುಮಾರು 0.4 ಮಿ.ಗ್ರಾಂ, ದಿನಕ್ಕೆ ಎರಡು ಅಥವಾ ಮೂರು ಬಾರಿ. ಎಂದರೆ 4 ಮಿ.ಗ್ರಾಂ ಗುಳಿಗೆಯೊಂದು 10 ಕಿ.ಗ್ರಾಂ ನಾಯಿಗೆ. ಇದು ಬಹಳ ಕಹಿ. ಅಗಿದ ನಾಯಿಯ ಬಾಯಲ್ಲಿ ನೊರೆ ಬಂದರೆ ಗಾಬರಿಯಾಗಬೇಕಿಲ್ಲ, ವಿಷವೇರಿದ್ದಲ್ಲ. ಡೈಫೆನ್‌ಹೈಡ್ರಮಿನ್ನನ್ನು ಪ್ರತಿ ಕಿ.ಗ್ರಾಂಗೆ 2 ಮಿ.ಗ್ರಾಂನಂತೆ 8 ರಿಂದ 12 ಗಂಟೆಗೊಮ್ಮೆ ಕೊಡುತ್ತಾರೆ.

ಬಯಲುಸೀಮೆಯ ಹಳ್ಳಿಗಳಲ್ಲಿ ಮನುಷ್ಯರಿಗೂ ಜಾನುವಾರುಗಳಿಗೂ ಹೆಚ್ಚು ಪರಿಚಿತವಾದ ಹೆಸರು ಏವಿಲ್. ಅದು ಫೆನಿರಮಿನ್ ಮಲಿಯೇಟ್. 25 ಮತ್ತು 50 ಮಿ.ಗ್ರಾಂ ಗುಳಿಗೆಗಳಲ್ಲಿ ಸಿಗುತ್ತದೆ. ಪಶುವೈದ್ಯರು ಇದನ್ನು ಚುಚ್ಚುಮದ್ದಾಗಿ ಬಹುಕಾಲದಿಂದ ಬಳಸುತ್ತಿದ್ದಾರೆ. ಎಮ್ಮೆಗೆ ತಂದು ಮಿಕ್ಕ ಸೀಸೆಯಿಂದ ನಾಯಿಗೆ ಸ್ವತಃ ಚುಚ್ಚುವುದು ಸಲ್ಲದು. ಎಮ್ಮೆಯ ತೂಕಕ್ಕೂ ನಾಯಿಯ ತೂಕಕ್ಕೂ ಇರುವ ಅಂತರವೇ ಇದಕ್ಕೆ ಸಾಕಷ್ಟು ಕಾರಣ.

ಮೇಲಿನ ಪ್ರಮಾಣಗಳು ಆರೋಗ್ಯವಂತ ವಯಸ್ಕ ನಾಯಿಗೆ ಸಂಬಂಧಿಸಿದವು. ಮರಿ, ಗಬ್ಬದ ಅಥವಾ ಹಾಲೂಡುವ ಹೆಣ್ಣುನಾಯಿ, ಅಪಸ್ಮಾರ, ಹೃದ್ರೋಗ, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ, ಕಣ್ಣಿನ ಒತ್ತಡದ ಕಾಯಿಲೆ, ಮೂತ್ರಕಟ್ಟು ಇರುವ ನಾಯಿಗಳಿಗೆ ಪಶುವೈದ್ಯರು ಹೇಳದೆ ಇವನ್ನು ಕೊಡಬಾರದು. ಕುರಿ ಮತ್ತು ದನಗಳ ಉಣ್ಣೆ ನಿವಾರಣೆಗೆ ಬಳಸುವ ಅಮಿಟ್ರಾಜ್ ದ್ರಾವಣದಲ್ಲಿ ಹಟ್ಟಿಯ ನಾಯಿಯನ್ನೂ ತೊಳೆಯುವ ರೂಢಿ ಕೆಲವೆಡೆ ಇದೆ. ಅಮಿಟ್ರಾಜ್ ದೇಹದಲ್ಲಿ ಕೆಲವು ಕಿಣ್ವಗಳನ್ನು ತಡೆಯುವುದರಿಂದ ಅದರೊಡನೆ ಅಲರ್ಜಿ ಔಷಧವನ್ನು, ಅದಕ್ಕಿಂತ ಮುಖ್ಯವಾಗಿ ನೆಗಡಿಯ ಗುಳಿಗೆಯನ್ನು ಸೇರಿಸುವುದು ಅಪಾಯಕರ.

ಗುಳಿಗೆಯ ಪಟ್ಟಿಯನ್ನು ಓದುವುದು

ಅಂಗಡಿಯಲ್ಲಿ ‘ಅಲರ್ಜಿ ಗುಳಿಗೆ’, ‘ನೆಗಡಿ ಗುಳಿಗೆ’ ಎಂದು ಕೇಳಿದಾಗ ಕೈಗೆ ಬರುವುದು ಅನೇಕ ವೇಳೆ ಒಂದೇ ಔಷಧವಲ್ಲ, ಹಲವು ಔಷಧಗಳ ಮಿಶ್ರಣ. ಅಂಗಡಿಯವರು ನಾಯಿಯ ತೂಕ ಕೇಳುವುದಿಲ್ಲ. ಕೊಳ್ಳುವವರೂ ಔಷಧ ನಾಯಿಗೆಂದು ಹೇಳುವುದಿಲ್ಲ. ಆದುದರಿಂದ ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ಘಟಕಗಳನ್ನು ಓದುವುದೇ ಈ ವಿಷಯದಲ್ಲಿ ಅತಿ ಮುಖ್ಯವಾದ ಎಚ್ಚರಿಕೆ. ಅದು ಇಂಗ್ಲಿಷಿನಲ್ಲಿರುತ್ತದೆ, ಓದಲು ಬಾರದವರು ಮನೆಯ ಶಾಲಾಮಕ್ಕಳಿಂದ ಓದಿಸಬಹುದು. ಹಿಸ್ಟಮಿನ್ ನಿರೋಧಕದ ಹೆಸರೊಂದೇ ಇದ್ದರೆ ಮಾತ್ರ ಆ ಗುಳಿಗೆಯ ವಿಚಾರ ಮಾಡಬಹುದು. ಎರಡನೆಯ ಹೆಸರಿದ್ದರೆ ಅದನ್ನು ಬದಿಗಿಡಬೇಕು.

ನೆಗಡಿಯ ಮಿಶ್ರಣಗಳಲ್ಲಿ ಮೂಗಿನ ಕಟ್ಟನ್ನು ಬಿಡಿಸುವ ಫಿನೈಲ್‌ಎಫ್ರಿನ್ ಅಥವಾ ಸೂಡೊಎಫೆಡ್ರಿನ್ ಇರುತ್ತದೆ. ಇವು ನಾಯಿಯ ಹೃದಯಬಡಿತ ಮತ್ತು ರಕ್ತದೊತ್ತಡವನ್ನು ಏರಿಸಿ, ಉದ್ರೇಕ, ನಡುಕ, ಮೈಬಿಸಿ ಮತ್ತು ಸೆಳವುಗಳನ್ನು ತರುತ್ತವೆ. ಸೂಡೊಎಫೆಡ್ರಿನ್ ಪ್ರತಿ ಕಿ.ಗ್ರಾಂಗೆ 5–6 ಮಿ.ಗ್ರಾಂ ಆದಾಗ ತೀವ್ರ ಲಕ್ಷಣಗಳು ಕಾಣುತ್ತವೆ, 10–12 ಮಿ.ಗ್ರಾಂ ಆದಾಗ ಸಾವು ಸಂಭವಿಸಬಹುದು. ಎಂದರೆ 120 ಮಿ.ಗ್ರಾಂ ಸೂಡೊಎಫೆಡ್ರಿನ್ ಇರುವ ಒಂದೇ ಒಂದು ಗುಳಿಗೆ 10 ಕಿ.ಗ್ರಾಂ ನಾಯಿಯ ಪ್ರಾಣ ತೆಗೆಯಬಲ್ಲದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್‌ಗಳ ನಿರ್ದಿಷ್ಟ ಮಿಶ್ರಣವನ್ನು 4 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬಳಸಬಾರದೆಂದು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಭಾರತದ ಔಷಧ ನಿಯಂತ್ರಣಾಧಿಕಾರಿಗಳು 2023ರ ಡಿಸೆಂಬರಿನಲ್ಲಿ ಸೂಚಿಸಿದರು. ಎಳೆಯ ಮಗುವಿಗೆ ಸಲ್ಲದ ಮಿಶ್ರಣವನ್ನು ಅಷ್ಟೇ ತೂಕದ ನಾಯಿಗೆ ಕೊಡಲು ಯಾವ ಕಾರಣವೂ ಇಲ್ಲ.

ಅದೇ ಮಿಶ್ರಣಗಳಲ್ಲಿ 325 ಅಥವಾ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಕೂಡ ಇರುವುದು ಸಾಮಾನ್ಯ. ನಾಯಿಯಲ್ಲಿ ಪ್ರತಿ ಕಿ.ಗ್ರಾಂಗೆ ಸುಮಾರು 100 ಮಿ.ಗ್ರಾಂ ತಲುಪಿದಾಗ ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿಕರ; 5 ಕಿ.ಗ್ರಾಂ ನಾಯಿಗೆ 500 ಮಿ.ಗ್ರಾಂನ ಒಂದು ಗುಳಿಗೆ ಕೊಟ್ಟರೆ ಆ ಮಟ್ಟ ಮುಟ್ಟಿದಂತೆಯೇ. (ಬೆಕ್ಕಿಗಾದರೆ ಅದರ ಚೂರು ಕೂಡ ಮಾರಕ.) ಕೆಲವು ಮಿಶ್ರಣಗಳಲ್ಲಿ ಕೆಫೀನ್, ಇನ್ನು ಕೆಲವದರಲ್ಲಿ ಐಬುಪ್ರೊಫೆನ್ ಸೇರಿರುತ್ತವೆ. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣನ್ನೂ ಮೂತ್ರಪಿಂಡದ ವೈಫಲ್ಯವನ್ನೂ ಉಂಟುಮಾಡುತ್ತದೆ. ಲೀವೋಸೆಟಿರಿಜಿನ್ನಿನೊಡನೆ ಮಾಂಟೆಲುಕಾಸ್ಟ್ ಸೇರಿದ ಗುಳಿಗೆ ಅಷ್ಟು ಅಪಾಯಕಾರಿಯಲ್ಲವಾದರೂ, ನಾಯಿಯ ತುರಿಕೆಗೆ ಮಾಂಟೆಲುಕಾಸ್ಟ್‌ನಿಂದ ವಿಶೇಷ ಪ್ರಯೋಜನವಿಲ್ಲ.

ಸಿರಪ್ಪುಗಳ ವಿಷಯ ಇನ್ನಷ್ಟು ತೊಡಕಿನದು. ಸಕ್ಕರೆರಹಿತವೆಂದು ಮುದ್ರಿತವಾದ ದ್ರವೌಷಧಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಮನುಷ್ಯರಿಗೆ ನಿರಪಾಯವಾದ ಈ ವಸ್ತು ನಾಯಿಯಲ್ಲಿ ಇನ್ಸುಲಿನ್ನನ್ನು ಒಮ್ಮೆಲೇ ಬಿಡುಗಡೆ ಮಾಡಿಸಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತದೆ, ಪ್ರತಿ ಕಿ.ಗ್ರಾಂಗೆ 0.1 ಗ್ರಾಂ ಇದಕ್ಕೆ ಸಾಕು, ಹೆಚ್ಚಾದರೆ ಯಕೃತ್ತೂ ಕೆಡುತ್ತದೆ. ಬೆನಡ್ರಿಲ್ ಎಂಬ ಹೆಸರಿನ ಗೊಂದಲವನ್ನೂ ಇಲ್ಲಿಯೇ ಹೇಳಬೇಕು. ವಿದೇಶಗಳಲ್ಲಿರುವ ಬಂಧುಗಳು ಅಥವಾ ಅಂತರಜಾಲದ ಅಮೆರಿಕನ್ ಬರಹಗಳು ನಾಯಿಗೆ ಬೆನಡ್ರಿಲ್ ಕೊಡಬಹುದೆನ್ನುವಾಗ ಅವರ ಮನಸ್ಸಿನಲ್ಲಿರುವುದು ಡೈಫೆನ್‌ಹೈಡ್ರಮಿನ್ ಮಾತ್ರವೇ ಇರುವ 25 ಮಿ.ಗ್ರಾಂ ಗುಳಿಗೆ. ಬ್ರಿಟನ್ನಿನಲ್ಲಿ ಅದೇ ಹೆಸರಿನ ಗುಳಿಗೆಗಳಲ್ಲಿ ಸೆಟಿರಿಜಿನ್ ಅಥವಾ ಅಕ್ರಿವಾಸ್ಟಿನ್ ಇರುತ್ತದೆ. ಭಾರತದಲ್ಲಿ ಆ ಹೆಸರಿನಿಂದ ಪ್ರಸಿದ್ಧವಾಗಿರುವುದು ಕೆಮ್ಮಿನ ಸಿರಪ್. ಅದರ 5 ಮಿ.ಲೀ.ನಲ್ಲಿ ಡೈಫೆನ್‌ಹೈಡ್ರಮಿನ್ ಸುಮಾರು 14 ಮಿ.ಗ್ರಾಂ ಮಾತ್ರವಿದ್ದು, ಅದರೊಡನೆ 138 ಮಿ.ಗ್ರಾಂ ಅಮೋನಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಿಟ್ರೇಟ್ ಇವೆ. 20 ಕಿ.ಗ್ರಾಂ ನಾಯಿಗೆ ಬೇಕಾದ 40 ಮಿ.ಗ್ರಾಂ ಡೈಫೆನ್‌ಹೈಡ್ರಮಿನ್ ಪೂರೈಸಲು ಈ ಸಿರಪ್ಪನ್ನು 14 ಮಿ.ಲೀ.ನಷ್ಟು ಕುಡಿಸಬೇಕಾಗುತ್ತದೆ, ಜೊತೆಗೆ ಬೇಡದ ಲವಣಗಳನ್ನೂ. ಒಂದೇ ಹೆಸರು, ಮೂರು ದೇಶ, ಮೂರು ಔಷಧ: ಬ್ರ್ಯಾಂಡಿನ ಹೆಸರನ್ನು ನಂಬದೆ ಘಟಕದ ಹೆಸರನ್ನು ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಗುಳಿಗೆಯನ್ನು ಜೋಳದ ರೊಟ್ಟಿಯ ತುಣುಕಿನಲ್ಲೋ ರಾಗಿ ಮುದ್ದೆಯ ಉಂಡೆಯಲ್ಲೋ ಹುದುಗಿಸಿ ಕೊಡಬಹುದು. ಒಣದ್ರಾಕ್ಷಿ ಮತ್ತು ಚಾಕೊಲೇಟುಗಳು ನಾಯಿಗೆ ಸ್ವತಃ ವಿಷ, ಅವುಗಳಲ್ಲಿಟ್ಟು ಕೊಡಬಾರದು.

ಅಲರ್ಜಿಯೆಂದು ತಪ್ಪಾಗಿ ತಿಳಿಯುವ ಸ್ಥಿತಿಗಳು

ಬಯಲುಸೀಮೆಯಲ್ಲಿ ನಾಯಿಯ ಮೂತಿ ಊದಿಕೊಂಡರೆ ‘ಏನೋ ಹುಳ ಕಡಿದಿದೆ’ ಎಂಬುದು ಮೊದಲ ಊಹೆ. ಬಹಳಷ್ಟು ಸಲ ಅದು ನಿಜವೂ ಹೌದು. ಆದರೆ ಕುತೂಹಲದಿಂದ ಮೂತಿಯನ್ನು ಮುಂದೊಡ್ಡುವ ಪ್ರಾಣಿಯಾದ ನಾಯಿಗೆ ಹಾವು ಕಡಿಯುವುದೂ ಹೆಚ್ಚಾಗಿ ಮೂತಿಗೆ ಅಥವಾ ಮುಂಗಾಲಿಗೆ. ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳು ಭಾರತದಲ್ಲಿ ಅತಿ ಹೆಚ್ಚು ಪ್ರಾಣಹಾನಿ ಮಾಡುವ ನಾಲ್ಕು ಹಾವುಗಳು. ಇಂತಹ ಒಣ ಕುರುಚಲು ನೆಲ ಗರಗಸ ಮಂಡಲಕ್ಕೆ ಪ್ರಿಯವಾದ ನೆಲೆ.

ಎರಡನ್ನೂ ಪ್ರತ್ಯೇಕಿಸುವುದು ಯಾವಾಗಲೂ ಸುಲಭವಲ್ಲವಾದರೂ ಕೆಲವು ಲಕ್ಷಣಗಳು ನೆರವಾಗುತ್ತವೆ. ಜೇನು ಅಥವಾ ಕಣಜದ ಕಡಿತದಲ್ಲಿ ಬಾವು ಬೇಗ ಬಂದು ಮೂತಿ, ತುಟಿ, ಕಣ್ಣುರೆಪ್ಪೆಗಳಿಗೆ ಎರಡೂ ಬದಿಯಲ್ಲಿ ಹರಡುತ್ತದೆ, ಮೈಮೇಲೆ ದದ್ದುಗಳೇಳುತ್ತವೆ, ನಾಯಿ ತುರಿಸಿಕೊಳ್ಳುತ್ತದೆ, ಆದರೆ ಚುರುಕಾಗಿರುತ್ತದೆ. ಮಂಡಲದ ಹಾವಿನ ಕಡಿತದಲ್ಲಿ ಬಾವು ಕಡಿದ ಬದಿಗೆ ಹೆಚ್ಚಿದ್ದು ಗಂಟೆಗಳು ಕಳೆದಂತೆ ಬೆಳೆಯುತ್ತಾ ಹೋಗುತ್ತದೆ, ಮುಟ್ಟಿದರೆ ನಾಯಿ ನೋವಿನಿಂದ ಚೀರುತ್ತದೆ, ಚರ್ಮ ಕಪ್ಪಿಡುತ್ತದೆ, ಕಡಿದ ಜಾಗದಿಂದ ಅಥವಾ ವಸಡಿನಿಂದ ನಿಲ್ಲದೆ ರಕ್ತ ಜಿನುಗುತ್ತದೆ, ಮೂತ್ರ ಕೆಂಪಾಗುತ್ತದೆ. ನಾಗರ ಕಡಿದಾಗ ಜೊಲ್ಲು ಸುರಿದು, ರೆಪ್ಪೆಗಳು ಜೋತು, ಹಿಂಗಾಲುಗಳು ಸೋತು ಉಸಿರಾಟ ಕಷ್ಟವಾಗುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಬಾವೇ ಇಲ್ಲದಿರಬಹುದು.

ಹಾವಿನ ವಿಷಕ್ಕೆ ಹಿಸ್ಟಮಿನ್ ನಿರೋಧಕ ಪ್ರತ್ಯೌಷಧವಲ್ಲ. ಬೇಕಾಗಿರುವುದು ಈ ನಾಲ್ಕೂ ಹಾವುಗಳ ವಿಷಕ್ಕೆ ಪರಿಣಾಮಕಾರಿಯಾದ ಬಹುಸಂಯೋಜಿತ ಪ್ರತಿವಿಷ. ಅದು ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಪಶುವೈದ್ಯರು ಹಾವು ಕಡಿದ ನಾಯಿಗೂ ಏವಿಲ್ ಚುಚ್ಚುವುದನ್ನು ನೋಡಿದವರು ಅದೇ ಚಿಕಿತ್ಸೆಯೆಂದು ಭಾವಿಸುವುದುಂಟು. ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷವೇ ಅಲರ್ಜಿ ತರಬಹುದಾದ್ದರಿಂದ ಅದಕ್ಕೆ ಮುನ್ನೆಚ್ಚರಿಕೆಯಾಗಿ ಕೊಡುವ ಔಷಧವದು. ಗುಳಿಗೆ ಕೊಟ್ಟು ‘ಬೆಳಗ್ಗೆ ನೋಡೋಣ’ ಎಂದು ಮಲಗುವ ರಾತ್ರಿಯಲ್ಲಿಯೇ ಹೆಚ್ಚಿನ ನಷ್ಟವಾಗುತ್ತದೆ. ಸಂದೇಹವಿದ್ದರೆ ಹಾವೆಂದೇ ತಿಳಿದು ನಡೆಯುವುದು ಲೇಸು. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಸುಡುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು.

ಉಳಿದವುಗಳಲ್ಲಿ ಕಜ್ಜಿ ಮುಖ್ಯವಾದುದು. ಕಣ್ಣಿಗೆ ಕಾಣದ ನುಸಿಗಳಿಂದ ಬರುವ ಕಜ್ಜಿಗೆ ಅಲರ್ಜಿ ಗುಳಿಗೆಯಿಂದ ಗುಣವಾಗುವುದಿಲ್ಲ. ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆ ಕಟ್ಟಿದ್ದು ಮನೆಯವರಿಗೂ ತುರಿಕೆ ಹತ್ತಿದ್ದರೆ ಅದೇ ಆಗಿರಬಹುದು. ಒಂದೇ ಪಾದವನ್ನು ಬಿಡದೆ ನೆಕ್ಕುವ ನಾಯಿಗೆ ಅಲರ್ಜಿಗಿಂತ ಬಳ್ಳಾರಿ ಜಾಲಿಯ ಮುಳ್ಳು ಮುರಿದಿರುವ ಸಂಭವ ಹೆಚ್ಚು. ಜಾಲಿಯ ನಾಡಿನಲ್ಲಿ ಬೆರಳ ಸಂದುಗಳನ್ನು ಬಿಡಿಸಿ ನೋಡದೆ ಔಷಧಕ್ಕೆ ಹೋಗಬಾರದು. ಜ್ವರ, ನಿತ್ರಾಣ, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದಲ್ಲಿ ಚಿಕ್ಕ ಕೆಂಪು ಚುಕ್ಕೆಗಳು ಕಂಡರೆ ಅದು ದದ್ದಲ್ಲ, ಉಣ್ಣೆಯಿಂದ ಹರಡುವ ಜ್ವರವಾಗಿರಬಹುದು.

ಸ್ಟೀರಾಯ್ಡ್‌ಗಳು

ಅಲರ್ಜಿ ಗುಳಿಗೆಯೊಡನೆ ಬೀಟಾಮೆಥಸೋನ್, ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಸೇರಿಸಿ ಕೊಡುವ ರೂಢಿ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ತುರಿಕೆ ಒಂದೇ ದಿನದಲ್ಲಿ ಇಳಿಯುವುದರಿಂದ ಇದರ ಮೇಲೆ ವಿಶ್ವಾಸ ಬೆಳೆಯುತ್ತದೆ. ಪಶುವೈದ್ಯರ ಕೈಯಲ್ಲಿ ಇವು ಬೆಲೆಯುಳ್ಳ ಔಷಧಗಳೇ. ಆದರೆ ಡೆಮೊಡೆಕ್ಸ್ ನುಸಿಯ ಕಜ್ಜಿಯನ್ನು ಇವು ಉಲ್ಬಣಗೊಳಿಸುತ್ತವೆ, ಸೋಂಕನ್ನು ಮರೆಮಾಚುತ್ತವೆ, ನೋವುನಿವಾರಕಗಳೊಡನೆ ಸೇರಿದರೆ ಜಠರದಲ್ಲಿ ರಕ್ತಸ್ರಾವ ತರುತ್ತವೆ. ಬಹುದಿನ ಕೊಟ್ಟು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ.

ಅತಿಪ್ರಮಾಣ ಮತ್ತು ತುರ್ತುಕ್ರಮ

ಮೇಜಿನ ಮೇಲಿಟ್ಟ ಪಟ್ಟಿಯನ್ನೇ ಕಡಿದು ನಾಯಿ ಹಲವು ಗುಳಿಗೆಗಳನ್ನು ನುಂಗುವುದು ಅಪರೂಪವಲ್ಲ. ಹಿಸ್ಟಮಿನ್ ನಿರೋಧಕ ಅತಿಯಾದಾಗ ಕೆಲವು ನಾಯಿಗಳು ಗಾಢವಾಗಿ ಮಂಪರಾಗುತ್ತವೆ. ಇನ್ನು ಕೆಲವು ಇದಕ್ಕೆ ವಿರುದ್ಧವಾಗಿ ಉದ್ರೇಕಗೊಂಡು ತಿರುಗುತ್ತವೆ. ಪಾಪೆ ಹಿಗ್ಗುವುದು, ಬಾಯಿ ಒಣಗುವುದು, ಎದೆಬಡಿತ ಏರುವುದು, ಮೈ ಕಾಯುವುದು, ಕೊನೆಗೆ ಸೆಳವು ಬರುವುದು ಇದರ ಲಕ್ಷಣಗಳು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಸ್ವತಃ ಪ್ರಾಣಾಪಾಯಕಾರಿ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಹಾನಿಯಾಗುತ್ತದೆ. ಮಂಪರಿನಲ್ಲಿರುವ ನಾಯಿಗೆ ಏನನ್ನೂ ಕುಡಿಸಬಾರದು. ಗುಳಿಗೆಯ ಪಟ್ಟಿ, ಉಳಿದ ಗುಳಿಗೆಗಳ ಎಣಿಕೆ, ನುಂಗಿದ ವೇಳೆ ಮತ್ತು ನಾಯಿಯ ತೂಕ, ಇಷ್ಟನ್ನು ಜೊತೆಗೊಯ್ದರೆ ಪಶುವೈದ್ಯರ ಅರ್ಧ ಕೆಲಸ ಆದಂತೆ.

ಕಾನೂನು ಮತ್ತು ಪಶುವೈದ್ಯ ಸೇವೆ

ಭಾರತದ ಔಷಧ ಮತ್ತು ಕಾಂತಿವರ್ಧಕ ನಿಯಮಗಳು, 1945ರ ‘ಜಿ’ ಅನುಸೂಚಿಯಲ್ಲಿ ಹಿಸ್ಟಮಿನ್ ನಿರೋಧಕಗಳು ಸೇರಿದ್ದು, ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸುವುದು ಅಪಾಯಕರವೆಂಬ ಎಚ್ಚರಿಕೆಯನ್ನು ಪಟ್ಟಿಯ ಮೇಲೆ ಮುದ್ರಿಸಬೇಕೆಂಬ ನಿಯಮವಿದೆ. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಅಧಿನಿಯಮ, 1984ರ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವ ಅಧಿಕಾರ ನೋಂದಾಯಿತ ಪಶುವೈದ್ಯರದು. ಮನುಷ್ಯರ ಔಷಧವನ್ನು ಪ್ರಾಣಿಗೆ ಬರೆದುಕೊಡುವ ಅಧಿಕಾರವೂ ಅವರಿಗೇ ಸೇರಿದ್ದು, ಔಷಧದಂಗಡಿಗಲ್ಲ.

ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಸ್ಪತ್ರೆಗಳಿವೆ. ಅವು ಮುಖ್ಯವಾಗಿ ದನ, ಕುರಿಗಳ ಸೇವೆಗೆ ರೂಪುಗೊಂಡವಾದರೂ ನಾಯಿಗಳಿಗೂ ಚಿಕಿತ್ಸೆ ನೀಡುತ್ತವೆ. ಸಂಚಾರಿ ಪಶುಚಿಕಿತ್ಸಾ ಘಟಕಗಳನ್ನು 1962 ಎಂಬ ಶುಲ್ಕರಹಿತ ದೂರವಾಣಿ ಸಂಖ್ಯೆಯ ಮೂಲಕ ಕರೆಯಬಹುದು. ಈ ಭಾಗದವರು ಹೆಚ್ಚಿನ ಚಿಕಿತ್ಸೆಗೆ ಹೊಸಪೇಟೆ, ಬಳ್ಳಾರಿ, ದಾವಣಗೆರೆಗಳಿಗೂ, ತಜ್ಞರ ಪರೀಕ್ಷೆ ಬೇಕಾದಾಗ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೂ ಹೋಗಬೇಕಾಗುತ್ತದೆ. ಚರ್ಮದ ಅಲರ್ಜಿ ಪರೀಕ್ಷೆಗೆ ಕರೆದೊಯ್ಯುವುದಿದ್ದರೆ ಹಿಸ್ಟಮಿನ್ ನಿರೋಧಕವನ್ನು ಎಷ್ಟು ದಿನ ಮುಂಚಿತವಾಗಿ ನಿಲ್ಲಿಸಬೇಕೆಂದು ಮೊದಲೇ ಕೇಳಿಕೊಳ್ಳಬೇಕು. ಔಷಧದ ಪ್ರಭಾವ ಉಳಿದಿದ್ದರೆ ಪರೀಕ್ಷೆಯ ಫಲಿತಾಂಶ ತಪ್ಪಾಗುತ್ತದೆ.